ಎರವಲು ನಾದ

ಸಿಂಥಸೈಸರ್ ಎಂಬ ವಿದ್ಯುದ್ವಾದ್ಯವನ್ನು ನುಡಿಸುವವರಲ್ಲಿ ಬಹುಕಾಲದಿಂದ ಒಂದು ವ್ಯಾಜ್ಯವುಂಟು. ತಯಾರಕರು ವಾದ್ಯದಲ್ಲಿ ತುಂಬಿ ಕಳುಹಿಸುವ ಸಿದ್ಧನಾದಗಳು, ಎಂದರೆ ಪ್ರೀಸೆಟ್ಟುಗಳು, ಸಾಕೆಂದು ಒಂದು ಪಕ್ಷ. ನುಡಿಸುವವನು ತನ್ನ ನಾದವನ್ನು ತಾನೇ ಕಟ್ಟಿಕೊಳ್ಳತಕ್ಕದ್ದೆಂದು ಇನ್ನೊಂದು. ಮೊದಲನೆಯವರ ಬತ್ತಳಿಕೆಯಲ್ಲಿರುವುದು ಒಂದೇ ಬಾಣ: ವೈಣಿಕನು ತನ್ನ ವೀಣೆಯನ್ನು ತಾನೇ ಕೆತ್ತಿಕೊಳ್ಳುವನೇ?

ಪ್ರಶ್ನೆಯೇನೋ ಸೊಗಸಾಗಿದೆ. ಆದರೆ ವೈಣಿಕನು ಮರವನ್ನು ಕೆತ್ತದಿದ್ದರೂ ನಾದವನ್ನು ಕ್ಷಣಕ್ಷಣವೂ ಕೆತ್ತುತ್ತಲೇ ಇರುವನು. ಮೀಟು ಕುದುರೆಯ ಕಡೆಗೆ ಒಂದಂಗುಲ ಸರಿದರೆ ಧ್ವನಿಯ ಬಣ್ಣವೇ ಬೇರೆ. ತಂಬೂರಿ ಹಿಡಿದವನು ಕೂಡ ಜೀವಾಳದ ಎಳೆಯನ್ನು ಸರಿಸಿ ಸರಿಸಿ, ಝೇಂಕಾರ ತನ್ನ ಕಿವಿಗೆ ಒಪ್ಪುವವರೆಗೆ ಬಿಡುವುದಿಲ್ಲ. ಸಿಂಥಸೈಸರಿನ ಕೀಲಿಯನ್ನೊತ್ತುವ ಬೆರಳಿಗೆ ಇಂಥ ಅಧಿಕಾರ ಅತ್ಯಲ್ಪ. ಬಲವಾಗಿ ಒತ್ತಿದರೆ ನಾದ ಹೇಗೆ ಮಾರ್ಪಡಬೇಕೆಂಬುದನ್ನೂ ಆ ನಾದವನ್ನು ಕಟ್ಟಿದವನೇ ಮೊದಲು ಗೊತ್ತುಮಾಡಿರುತ್ತಾನೆ.

1970ರ ಮಿನಿಮೂಗ್ ವಾದ್ಯಕ್ಕೆ ಜ್ಞಾಪಕಶಕ್ತಿಯೇ ಇರಲಿಲ್ಲ. ಇಂದು ಒದಗಿದ ನಾದ ನಾಳೆಯೂ ಬೇಕಾದರೆ ಗುಂಡಿಗಳ ನಿಲುವನ್ನು ಕಾಗದದಲ್ಲಿ ಗುರುತುಹಾಕಿಕೊಳ್ಳಬೇಕು. 1978ರ ಪ್ರಾಫೆಟ್-5, 40 ನಾದಗಳನ್ನು ನೆನಪಿಟ್ಟಿತು. ಅದು ಉಪಕಾರವೇ ಸರಿ. ತೊಡಕು ಬಂದುದು 1983ರಲ್ಲಿ, ಯಮಾಹಾ ಡಿಎಕ್ಸ್7ರೊಡನೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಜಾನ್ ಚೌನಿಂಗ್ ಎಂಬವರು 1967ರಲ್ಲಿ ಕಂಡುಕೊಂಡ ತತ್ತ್ವವೇ ಅದರ ಜೀವ: ಒಂದು ಆಂದೋಲನವು ಇನ್ನೊಂದರ ಕಂಪನಸಂಖ್ಯೆಯನ್ನು ಅತಿವೇಗವಾಗಿ ಅಲುಗಿಸಿದರೆ ಹೊಸ ಉಪಸ್ವರಗಳ ಗುಂಪೇ ಏಳುತ್ತದೆ. ಇವೆರಡರ ಪ್ರಮಾಣ ಪೂರ್ಣಾಂಕವಾದರೆ ಇಂಪಾದ ಸ್ವರ, 1ಕ್ಕೆ 1.4 ಎಂಬಂತೆ ಓರೆಯಾದರೆ ಗಂಟೆಯ ನಾದ. ಇಂಥ ಆಂದೋಲಕಗಳು ಆ ವಾದ್ಯದಲ್ಲಿ 6. ಅವುಗಳ ಜೋಡಣೆಯ ಬಗೆಗಳು 32. ಇಷ್ಟು ದೊಡ್ಡ ಭಂಡಾರಕ್ಕೆ ತಯಾರಕರು ಇಟ್ಟ ಬಾಗಿಲಾದರೋ ಎರಡು ಸಾಲಿನ ಒಂದು ಪುಟ್ಟ ಗಾಜು, ಸಾಲುಸಾಲಾದ ಚಪ್ಪಟೆ ಗುಂಡಿಗಳು, ಜಾರಿಸುವ ಒಂದು ಕಡ್ಡಿ! ನುಡಿಸುವವರು ಹೆದರಿ ಹಿಂಜರಿದರೆ ಅರ್ಧ ತಪ್ಪು ತಯಾರಕರದು.

ಉಳಿದರ್ಧ? ಅದನ್ನು ಅನ್ಯರ ತಲೆಗೆ ಕಟ್ಟಲಾಗದು. ಆ ವಾದ್ಯದ ವಿದ್ಯುತ್-ಪಿಯಾನೋ ಎಂಬ ಒಂದೇ ಸಿದ್ಧನಾದ ಆ ದಶಕದ ಪ್ರೇಮಗೀತೆಗಳಲ್ಲಿ ಮದುವೆಮನೆಯ ಪನ್ನೀರಿನಂತೆ ಎಲ್ಲರ ಮೇಲೂ ಬಿತ್ತು. ವಿರಹಕ್ಕೂ ಅದೇ, ಸಮಾಗಮಕ್ಕೂ ಅದೇ. ಕೇಳುವವರಿಗೆ ಬೇಕಾದುದು ಹಾಡೇ ಹೊರತು ನಾದದ ವಂಶಾವಳಿಯಲ್ಲವೆಂದು ವಾದಿಸುವವರುಂಟು. ಹಾಗಾದರೆ ಆ ವಾದಿಗಳೇ ಅಂಗಡಿಯಲ್ಲಿ ಗಂಟೆಗಟ್ಟಲೆ ನಿಂತು ನಾದಗಳನ್ನು ಒಂದೊಂದಾಗಿ ಆರಿಸುವುದೇತಕ್ಕೆ?

ಹೊಸದಾಗಿ ಕಲಿಯುವವನು ಸಿದ್ಧನಾದವನ್ನು ಹಿಡಿಯಲಿ. ಸಂಜೆಯ ಕಚೇರಿಗೆ ಹೊತ್ತಾದವನೂ ಹಿಡಿಯಲಿ. ಆಕ್ಷೇಪವಿರುವುದು ಹತ್ತು ವರ್ಷ ನುಡಿಸಿಯೂ ಒಂದು ಆಂದೋಲಕದ ಪ್ರಮಾಣವನ್ನಾದರೂ ಬದಲಿಸಿ ನೋಡದವನ ಮೇಲೆ. ಬ್ರಯನ್ ಈನೋ ಇದೇ ಡಿಎಕ್ಸ್7ನ್ನು ಹಿಡಿದು ತಮ್ಮ ನಾದಗಳನ್ನು ತಾವೇ ಕಟ್ಟಿಕೊಂಡರು. ಅಷ್ಟೇಕೆ, ಆ ಸಿದ್ಧನಾದಗಳೂ ಕಾರ್ಖಾನೆಯ ಗೋಡೆಯಿಂದ ಉದುರಿದುವಲ್ಲ. ಡೇವ್ ಬ್ರಿಸ್ಟೋ, ಗ್ಯಾರಿ ಲ್ಯೂಯೆನ್‌ಬರ್ಗರ್ ಎಂಬಿಬ್ಬರು ವಾದಕರು ಕುಳಿತು ಕಿವಿಯಿಂದ ಅಳೆದಳೆದು ರಚಿಸಿದವರಲ್ಲಿ ಮುಖ್ಯರು. ಹಾಡುಗಳನ್ನು ಮೆಚ್ಚಿದ ಲೋಕ ಅವರ ಹೆಸರನ್ನು ಕೇಳಲಿಲ್ಲ. ಅವರ ಕೈಗೆ ಸಿಕ್ಕಿದುದೂ ಅದೇ 6 ಆಂದೋಲಕಗಳು, ಅದೇ 32 ಜೋಡಣೆಗಳು.