ಅರವತ್ತು ಲಕ್ಷವನ್ನು ಪಾಠ ಮಾಡುವುದು ಹೇಗೆ?

ಸಂಘದ ಸಂಚಿಕೆ ಅಂದ್ರೆ ರಾಜ್ಯೋತ್ಸವ, ಯುಗಾದಿ, ಬಿಸಿಬೇಳೆಬಾತು ಇರಲೇಬೇಕು. ಅವುಗಳ ಮಧ್ಯೆ ಸ್ವಲ್ಪ ಭಾರದ ಮಾತೊಂದಕ್ಕೂ ಜಾಗ ಕೊಡಿ. ಜರ್ಮನಿಯಲ್ಲಿ ನಾವು ದಿನಾ ಓಡಾಡುವ ಫುಟ್‌ಪಾತುಗಳಲ್ಲಿ ಹಿತ್ತಾಳೆ ಹೊದಿಸಿದ ಪುಟ್ಟ ಕಲ್ಲುಗಳಿವೆ. ಅದೇ ಮನೆಯಲ್ಲಿದ್ದು ನಾಜಿಗಳಿಗೆ ಬಲಿಯಾದವರ ಹೆಸರು, ಹುಟ್ಟಿದ ವರ್ಷ, ಕೊನೆಗೆ ಏನಾಯಿತು ಅನ್ನೋದು ಅವುಗಳ ಮೇಲಿದೆ. ಕಲಾವಿದ ಗುಂಟರ್ ಡೆಮ್ನಿಗ್ 1990ರ ದಶಕದಲ್ಲಿ ಆರಂಭಿಸಿದ ಈ ಕೆಲಸದಲ್ಲಿ ಕಲ್ಲುಗಳ ಸಂಖ್ಯೆ 1 ಲಕ್ಷ ದಾಟಿದೆ.

ನಾಜಿಗಳು ಸುಮಾರು 60 ಲಕ್ಷ ಯಹೂದಿಗಳನ್ನು ಕೊಂದದ್ದನ್ನು ಇಲ್ಲಿನ ಹೈಸ್ಕೂಲುಗಳು ಕಡ್ಡಾಯವಾಗಿ ಕಲಿಸುತ್ತವೆ. ಕಲಿಸೋದು ಸುಲಭವಲ್ಲ. 60 ಲಕ್ಷ ಅನ್ನೋದು ಹದಿನೈದರ ಹುಡುಗನ ತಲೆಯಲ್ಲಿ ನಿಲ್ಲುವುದಿಲ್ಲ. ಹೆಣಗಳ ರಾಶಿಯ ಫೋಟೊ ತೋರಿಸಿದರೆ ಕೆಲವರು ಬೆಚ್ಚಿಬೀಳುತ್ತಾರೆ, ಕೆಲವರು ಮುಖ ತಿರುಗಿಸುತ್ತಾರೆ. ಕಲಿತದ್ದೇನು ಎಂದರೆ ಉತ್ತರವಿಲ್ಲ. 1976ರಲ್ಲಿ ಬ್ಯೂಟೆಲ್ಸ್‌ಬಾಖ್ ಎಂಬಲ್ಲಿ ಇಲ್ಲಿನ ಶಿಕ್ಷಣತಜ್ಞರು ಒಪ್ಪಿದ ಮೊದಲ ಸೂತ್ರವೇ, ವಿದ್ಯಾರ್ಥಿಯ ಮೇಲೆ ಅಭಿಪ್ರಾಯ ಹೇರಬಾರದು, ಅವನೇ ಯೋಚಿಸಿ ತೀರ್ಮಾನಕ್ಕೆ ಬರಬೇಕು ಅನ್ನೋದು. ಕಣ್ಣೀರು ಬರಿಸಿದ ಮಾತ್ರಕ್ಕೆ ಪಾಠ ಮುಗಿಯಲಿಲ್ಲ.

ಇನ್ನೊಂದು ಕಷ್ಟ, ಕಣ್ಣಾರೆ ಕಂಡವರು ಮರೆಯಾಗುತ್ತಿದ್ದಾರೆ. 1945ರಲ್ಲಿ ಹತ್ತು ವರ್ಷದವರಾಗಿದ್ದವರಿಗೆ ಈಗ ತೊಂಬತ್ತು. ತರಗತಿಯೂ ಬದಲಾಗಿದೆ. ಟರ್ಕಿ, ಸಿರಿಯಾ, ಭಾರತ ಮೂಲದ ಮಕ್ಕಳು "ಇದು ನಿಮ್ಮ ಅಜ್ಜಂದಿರ ಕಥೆ, ನಮಗ್ಯಾಕೆ?" ಅಂತ ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ತಪ್ಪಿನ ಹೊರೆ ಆ ಮಕ್ಕಳದ್ದಲ್ಲ, ಇಂದಿನ ಜರ್ಮನ್ ಮಕ್ಕಳದ್ದೂ ಅಲ್ಲ. ಆದರೆ ಇದು ಹೇಗೆ ನಡೆಯಿತು ಎಂದು ತಿಳಿಯುವ ಜವಾಬ್ದಾರಿ ಎಲ್ಲರದ್ದು. ಯಾರ ಸಾವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಅನ್ನೋದೂ ಇಲ್ಲಿ ತಾನಾಗಿ ತೀರ್ಮಾನವಾಗಲಿಲ್ಲ. ಸಿಂತಿ ಮತ್ತು ರೋಮಾ ಜನರ ಹತ್ಯೆಯನ್ನು ಜನಾಂಗಹತ್ಯೆ ಎಂದು ಸರ್ಕಾರ ಒಪ್ಪಿದ್ದು 1982ರಲ್ಲಿ. 1904–08ರಲ್ಲಿ ಇಂದಿನ ನಮೀಬಿಯಾದಲ್ಲಿ ಹೆರೆರೊ, ನಾಮಾ ಜನರಿಗೆ ಆದದ್ದಕ್ಕೆ ಆ ಪದ ಅಧಿಕೃತವಾಗಿ ಸಿಕ್ಕಿದ್ದು 2021ರಲ್ಲಿ.

ನಮ್ಮ ಅಭಿಪ್ರಾಯ ಇಷ್ಟೇ: ಕೊನೆಯಿಂದಲ್ಲ, ಮೊದಲಿನಿಂದ ಕಲಿಸಬೇಕು. 1933ರಲ್ಲಿ ಯಹೂದಿಗಳ ಅಂಗಡಿಗೆ ಹೋಗಬೇಡಿ ಎಂಬ ಕರೆ, ಸರ್ಕಾರಿ ಕೆಲಸದಿಂದ ವಜಾ. 1935ರಲ್ಲಿ ಪೌರತ್ವದ ಹಕ್ಕಿಗೇ ಕತ್ತರಿ. 1938ರ ನವೆಂಬರಿನಲ್ಲಿ ಯಹೂದಿ ಮಕ್ಕಳನ್ನು ಸರ್ಕಾರಿ ಶಾಲೆಗಳಿಂದ ಹೊರಹಾಕಿದರು. ಗ್ಯಾಸ್ ಚೇಂಬರ್ ಯಾವ ಮಗುವಿನ ಊಹೆಗೂ ನಿಲುಕದು. ಪಕ್ಕದ ಬೆಂಚಿನವಳು ನಾಳೆಯಿಂದ ಬರೋದಿಲ್ಲ, ಯಾರೂ ಕೇಳೋದೂ ಇಲ್ಲ ಅನ್ನೋದು ಅರ್ಥವಾಗುತ್ತದೆ. ಪ್ರತಿ ಹಂತದಲ್ಲೂ ಒಬ್ಬ ಗುಮಾಸ್ತ ಸಹಿ ಹಾಕಿದ್ದ, ಒಬ್ಬ ನೆರೆಯವ ಸುಮ್ಮನಿದ್ದ.

ಇನ್ನು ನಮ್ಮ ಕಡೆಯ ಮಾತು. ಸಿಬಿಎಸ್‌ಇ 9ನೇ ತರಗತಿಯ ಇತಿಹಾಸದಲ್ಲಿ ಹಲವು ವರ್ಷ ನಾಜಿಸಂ ಪಾಠ ಕಲಿಸಿದ್ದಾರೆ. ಆದರೂ ನಮ್ಮೂರಲ್ಲಿ ಸ್ಟ್ರಿಕ್ಟ್ ಹೆಡ್‌ಮಾಸ್ಟರಿಗೆ ಅಡ್ಡಹೆಸರು 'ಹಿಟ್ಲರ್'. ಟಿವಿಯಲ್ಲಿ 'ಹಿಟ್ಲರ್ ಕಲ್ಯಾಣ' ಎಂಬ ಧಾರಾವಾಹಿಯೇ ಬಂತು. ಯಾರಲ್ಲೂ ದ್ವೇಷವಿಲ್ಲ, ನಿಜ. ಆದರೆ ಹೆಸರು ಬರೀ ಶಿಸ್ತಿನ ಗುರುತಾಗಿ ಉಳಿದರೆ ಸತ್ತವರು ಮಾಯವಾಗುತ್ತಾರೆ. ಊರಿಂದ ಅಪ್ಪ-ಅಮ್ಮ, ತಮ್ಮ-ತಂಗಿ ಬಂದಾಗ ಕೋಟೆ, ಅರಮನೆ ತೋರಿಸಿ. ಜೊತೆಗೆ ನಿಮ್ಮ ಬೀದಿಯ ಒಂದು ಹಿತ್ತಾಳೆ ಕಲ್ಲಿನ ಮುಂದೆ ನಿಂತು, ಅಲ್ಲಿರುವ ಹೆಸರನ್ನು ಕನ್ನಡದಲ್ಲಿ ಓದಿ ಹೇಳಿ.