ಮರಳಿ ಬಂದ ತಾಯಿ, ಮುಖ ತಿರುಗಿಸುವ ಮಗು

ಕರಾವಳಿಯ ಕಥೋಲಿಕ ಕುಟುಂಬಗಳಲ್ಲಿ ಕೊಲ್ಲಿ ರಾಷ್ಟ್ರಗಳ ದುಡಿಮೆಯ ಋಣವಿಲ್ಲದ ಮನೆ ವಿರಳ. ಹಂಚಿನ ಮಾಡು ತೆಗೆದು ತಾರಸಿ ಹಾಕಿಸಿದ್ದು, ತಂಗಿಯಂದಿರ ರೋಸ್, ಮದುವೆಗಳನ್ನು ಪೂರೈಸಿದ್ದು, ತಮ್ಮನನ್ನು ಓದಿಸಿದ್ದು ಕುವೈತ್, ಮಸ್ಕತ್, ದುಬಾಯಿಗಳ ಸಂಬಳದಿಂದಲೇ. ಮೊದಲು ತಂದೆಯೊಬ್ಬನೇ ಹೋಗುತ್ತಿದ್ದ. ದಾದಿಯರ ವೃತ್ತಿಯ ದಾರಿ ತೆರೆದ ಮೇಲೆ ತಾಯಂದಿರೂ ಹೋದರು. ಹಾಲು ಬಿಡಿಸಿದ ಮಗು ಅಜ್ಜಿಯ ಮಡಿಲು ಸೇರಿತು. ಮೂರು ನಾಲ್ಕು ವರ್ಷಗಳ ಮೇಲೆ ತಾಯಿ ಊರಿಗೆ ಬಂದು ನೆಲೆಸಿದಾಗ ಆ ಮಗು ಅಜ್ಜಿಯ ಸೆರಗಿನ ಹಿಂದೆ ಅಡಗುತ್ತದೆ. ತಂದ ಆಟಿಕೆಯನ್ನು ತೆಗೆದುಕೊಳ್ಳುತ್ತದೆ, ತಂದವಳ ಬಳಿ ಸುಳಿಯುವುದಿಲ್ಲ. ಹಣದಾಸೆಗೆ ಹೆತ್ತ ಮಗುವನ್ನು ಬಿಟ್ಟು ಹೋದವಳಿಗೆ ತಕ್ಕ ಶಾಸ್ತಿ ಎಂದು ಕೆಲವರು ಪಿಸುಗುಟ್ಟಿದರೆ, ಅಜ್ಜಿಯ ಮುದ್ದಿನಿಂದ ಮಗು ಹಠಮಾರಿಯಾಯಿತೆಂದು ಬೇರೆ ಕೆಲವರು ತೀರ್ಪು ಕೊಡುತ್ತಾರೆ. ಈ ಎರಡು ಮಾತುಗಳನ್ನೂ ನಾವು ಒಪ್ಪುವುದಿಲ್ಲ.

ಇಂತಹ ಮನೆಗಳಿಗೆ ನೆರವಾಗಬಲ್ಲ ಒಂದು ಚಿಕಿತ್ಸಾಕ್ರಮವಿದೆ. ಇಂಗ್ಲಿಷಿನಲ್ಲಿ ಅದನ್ನು ಅಟ್ಯಾಚ್‌ಮೆಂಟ್ ಆಧಾರಿತ ಚಿಕಿತ್ಸೆ ಎನ್ನುತ್ತಾರೆ. ನ್ಯಾಯಾಲಯದ ಭಾಷೆಯಲ್ಲಿ ಅಟ್ಯಾಚ್‌ಮೆಂಟ್ ಎಂದರೆ ಆಸ್ತಿಯ ಜಪ್ತಿ. ಆ ಅರ್ಥ ಇಲ್ಲಿಗೆ ಸಲ್ಲದು. ಮಗು ತನ್ನನ್ನು ಸಾಕಿದವರೊಡನೆ ಕಟ್ಟಿಕೊಳ್ಳುವ ನಂಟು, ಭಯವಾದಾಗ ಓಡಿಹೋಗಿ ಸೇರುವ ಆಸರೆ ಎಂಬುದೇ ಅದರ ಅರ್ಥ. ನಾವು ಅದನ್ನು ಅನುಬಂಧ ಎಂದು ಕರೆಯೋಣ.

ಇದನ್ನು ಶಾಸ್ತ್ರವಾಗಿ ಬೆಳೆಸಿದವರು ಬ್ರಿಟನ್ನಿನ ಮನೋವೈದ್ಯ ಜಾನ್ ಬೌಲ್ಬಿ (1907-1990). ಅವರನ್ನೇ ಬಾಲ್ಯದಲ್ಲಿ ಸಾಕಿದ ದಾದಿ ಅವರಿಗೆ ನಾಲ್ಕು ವರ್ಷವಾಗುವ ಹೊತ್ತಿಗೆ ಮನೆ ಬಿಟ್ಟು ಹೋಗಿದ್ದಳೆಂಬುದು ಗಮನಿಸಬೇಕಾದ ಸಂಗತಿ. ಅವರ ಸಹೋದ್ಯೋಗಿ ಜೇಮ್ಸ್ ರಾಬರ್ಟ್‌ಸನ್ ಎಂಬವರು ಆಸ್ಪತ್ರೆಗೆ ಸೇರಿದ ಎರಡು ವರ್ಷದ ಬಾಲಕಿಯೊಬ್ಬಳನ್ನು ಚಿತ್ರೀಕರಿಸಿ 1952ರಲ್ಲಿ ಚಲನಚಿತ್ರವಾಗಿ ತೋರಿಸಿದರು. ಅಂದಿನ ಆಸ್ಪತ್ರೆಗಳಲ್ಲಿ ತಾಯ್ತಂದೆಯರಿಗೆ ಮಗುವಿನ ಬಳಿ ಇರಲು ಅವಕಾಶವಿರಲಿಲ್ಲ. ಅಗಲಿದ ಮಕ್ಕಳು ಮೊದಲು ಅತ್ತು ಪ್ರತಿಭಟಿಸುತ್ತವೆ, ಬಳಿಕ ಮಂಕಾಗುತ್ತವೆ, ಕೊನೆಗೆ ಶಾಂತವಾಗಿ ಎಲ್ಲರೊಡನೆ ನಗುತ್ತಾ ಇರುತ್ತವೆ ಎಂಬುದನ್ನು ಅವರು ಗುರುತಿಸಿದ್ದರು. ಮಗು ಹೊಂದಿಕೊಂಡಿತೆಂದು ಆಸ್ಪತ್ರೆಯವರು ನೆಮ್ಮದಿಪಡುತ್ತಿದ್ದದ್ದು ಈ ಮೂರನೆಯ ಹಂತದಲ್ಲಿ. ಆದರೆ ತಾಯಿ ಬಂದಾಗ ಅಂತಹ ಮಗು ಗುರುತಿಲ್ಲದಂತೆ ಮುಖ ತಿರುಗಿಸುತ್ತಿತ್ತು. ಅದು ಹೊಂದಾಣಿಕೆಯಲ್ಲ, ನೋವನ್ನು ಒಳಗೆ ಅದುಮಿಕೊಂಡ ಬಗೆ. ‘ಈಗ ಅಳುವುದೇ ಇಲ್ಲ, ಹೊಂದಿಕೊಂಡಿದೆ’ ಎಂದು ಫೋನಿನಲ್ಲಿ ತಾಯಿಗೆ ಧೈರ್ಯ ಹೇಳುವ ನಮ್ಮ ಮನೆಗಳ ಹಿರಿಯರು ಇದನ್ನು ಅರಿಯುವುದು ಒಳ್ಳೆಯದು. ಮುಖ ತಿರುಗಿಸುವ ಮಗು ಕೃತಘ್ನ ಮಗುವಲ್ಲ.

ಬೌಲ್ಬಿಯವರ ಆರಂಭದ ಬರಹಗಳು ಭಾರವನ್ನೆಲ್ಲ ತಾಯಿಯೊಬ್ಬಳ ಮೇಲೆ ಹೇರಿದವೆಂಬ ಆಕ್ಷೇಪ ಬಂತು, ಅದರಲ್ಲಿ ನ್ಯಾಯವೂ ಇತ್ತು. 1964ರಲ್ಲಿ ಶಾಫರ್ ಮತ್ತು ಎಮರ್ಸನ್ ಎಂಬ ಸಂಶೋಧಕರು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ 60 ಶಿಶುಗಳ ಅಧ್ಯಯನವನ್ನು ಪ್ರಕಟಿಸಿದರು. ಒಂದೂವರೆ ವರ್ಷ ತುಂಬುವುದರೊಳಗೆ ಹೆಚ್ಚಿನ ಮಕ್ಕಳು ತಾಯಿಯೊಡನೆ ಮಾತ್ರವಲ್ಲ, ತಂದೆ, ಅಜ್ಜಿ, ಅಣ್ಣ ಅಕ್ಕಂದಿರೊಡನೆಯೂ ಅನುಬಂಧ ಬೆಳೆಸಿಕೊಂಡಿದ್ದವು. ಆದುದರಿಂದ ಅಜ್ಜಿಯ ಮಡಿಲಲ್ಲಿ ಬೆಳೆದ ಮಗು ಪ್ರೀತಿಯಿಲ್ಲದೆ ಬೆಳೆದದ್ದಲ್ಲ. ತಾಯಿ ಬಂದಳೆಂದು ಅದನ್ನು ಒಂದೇ ದಿನದಲ್ಲಿ ಅಜ್ಜಿಯಿಂದ ಕಿತ್ತು ಬೇರೆ ಮನೆಗೆ ಒಯ್ಯುವುದು ಎರಡನೆಯ ಅಗಲಿಕೆಯಾದೀತು.

ಹಾಗಾದರೆ ಚಿಕಿತ್ಸೆಯಲ್ಲಿ ನಡೆಯುವುದೇನು? ಮಾತ್ರೆ, ಇಂಜೆಕ್ಷನ್ನಿನ ಕೆಲಸ ಇಲ್ಲಿಲ್ಲ. ಚಿಕ್ಕ ಮಗುವಾದರೆ ತಾಯಿ, ಮಗು ಇಬ್ಬರನ್ನೂ ನೆಲದ ಮೇಲೆ ಆಡಲು ಬಿಟ್ಟು ಸಲಹೆಗಾರರು ಗಮನಿಸುತ್ತಾರೆ. ಕೆಲವರು ಆ ಆಟವನ್ನು ವಿಡಿಯೋ ಮಾಡಿ ತಾಯಿಗೆ ತೋರಿಸುವುದುಂಟು. ಇಗೋ, ಇಲ್ಲಿ ಮಗು ನಿಮ್ಮತ್ತ ಒಂದು ಕ್ಷಣ ನೋಡಿತು, ನೀವು ಗಮನಿಸಲಿಲ್ಲ ಎಂದು ಬೆರಳಿಟ್ಟು ಹೇಳುತ್ತಾರೆ. ತಪ್ಪು ಹುಡುಕುವುದಕ್ಕಲ್ಲ, ಆ ಒಂದು ಕ್ಷಣದ ನೋಟಕ್ಕೆ ಮರುದಿನ ಉತ್ತರ ಸಿಗಲೆಂದು. ಹರೆಯದ ಮಕ್ಕಳಿಗಾಗಿ ಅಮೆರಿಕದ ಗೈ ಡೈಮಂಡ್ ಮತ್ತು ಸಂಗಡಿಗರು ರೂಪಿಸಿದ ಕುಟುಂಬ ಚಿಕಿತ್ಸೆಯಲ್ಲಿ, ಖಿನ್ನತೆಗೆ ಒಳಗಾದ ಹುಡುಗನನ್ನೂ ತಂದೆತಾಯಿಯರನ್ನೂ ಬೇರೆಬೇರೆಯಾಗಿ ಕೂರಿಸಿ ಮಾತಿಗೆ ಸಿದ್ಧಪಡಿಸುತ್ತಾರೆ. ಆ ಮೇಲೆ ಎಲ್ಲರೂ ಒಂದೇ ಕೋಣೆಯಲ್ಲಿ ಕುಳಿತಾಗ ಮಗ ಹೇಳುತ್ತಾನೆ: ನನಗೆ ನಿಮ್ಮ ಅಗತ್ಯವಿದ್ದಾಗ ನೀವಿರಲಿಲ್ಲ. ತಂದೆ ಆಗ ಸಂಬಳದ ಲೆಕ್ಕ ಒಪ್ಪಿಸದೆ ಸುಮ್ಮನೆ ಕೇಳಬೇಕು. ನಮ್ಮ ಗಂಡಸರಿಗೆ ಇದು ಕಷ್ಟದ ಪಾಠ.

ಮಗುವನ್ನು ಸರಿಪಡಿಸಿ ಕೊಡಿ ಎಂದು ಸಲಹೆಗಾರರ ಬಾಗಿಲಲ್ಲಿ ಬಿಟ್ಟು, ಪೇಟೆ ಕೆಲಸ ಮುಗಿಸಿ ಬರುವ ಪದ್ಧತಿ ಇಲ್ಲಿ ನಡೆಯದು. ಹೆತ್ತವರನ್ನು ಒಳಗೆ ಕರೆಯದೆ, ಅಜ್ಜಿಯ ಹೆಸರನ್ನೂ ಕೇಳದೆ ಅನುಬಂಧದ ಚಿಕಿತ್ಸೆ ಕೊಡುತ್ತೇನೆನ್ನುವವರ ಬಗ್ಗೆ ಸಂದೇಹಪಡಬೇಕು. ಇನ್ನೊಂದು ಎಚ್ಚರಿಕೆ ಇದಕ್ಕಿಂತ ಗಂಭೀರ. ಅನುಬಂಧದ ಹೆಸರಿನಲ್ಲಿ ಮಗುವನ್ನು ಬಲವಂತವಾಗಿ ಅದುಮಿ ಹಿಡಿಯುವ ಕ್ರಮವೊಂದು ಅಮೆರಿಕದಲ್ಲಿ ಹಬ್ಬಿತ್ತು. 2000ದಲ್ಲಿ ಕೊಲರಾಡೋದಲ್ಲಿ ಹತ್ತು ವರ್ಷದ ದತ್ತು ಬಾಲಕಿಯೊಬ್ಬಳು ಅಂತಹ ‘ಚಿಕಿತ್ಸೆ’ಯಲ್ಲಿ ಉಸಿರುಗಟ್ಟಿ ತೀರಿಕೊಂಡಳು, ಚಿಕಿತ್ಸಕರಿಗೆ ಜೈಲಾಯಿತು. ಮಗುವನ್ನು ಹೆದರಿಸುವ, ಹಿಡಿದಿಡುವ, ಉಪವಾಸ ಕೆಡಹುವ ಯಾವುದೇ ಕ್ರಮ ಚಿಕಿತ್ಸೆಯಲ್ಲ. ಹಾಗೆಯೇ, ಮೊದಲ ಭೇಟಿಯಲ್ಲೇ ‘ಅಟ್ಯಾಚ್‌ಮೆಂಟ್ ಡಿಸಾರ್ಡರ್’ ಎಂಬ ಹಣೆಪಟ್ಟಿ ಅಂಟಿಸುವವರನ್ನೂ ನಂಬಬೇಡಿ. ಆ ಕಾಯಿಲೆ ತೀವ್ರ ನಿರ್ಲಕ್ಷ್ಯಕ್ಕೆ ಗುರಿಯಾದ ಮಕ್ಕಳಲ್ಲಿ ಕಾಣುವ ಅಪರೂಪದ್ದು. ಅಜ್ಜಿಯ ಆರೈಕೆಯಲ್ಲಿ ಬೆಳೆದ ಮಗುವಿನ ಮುನಿಸಿಗೆ ಆ ಹೆಸರಿಲ್ಲ.

ಸಲಹೆಗಾರರನ್ನು ಆರಿಸುವುದು ಹೇಗೆ? ‘ಕೌನ್ಸೆಲರ್’ ಎಂಬ ಬೋರ್ಡನ್ನು ಅಲ್ಪಾವಧಿಯ ತರಬೇತಿ ಪಡೆದವರೂ ತೂಗುಹಾಕುತ್ತಾರೆ. ಕ್ಲಿನಿಕಲ್ ಸೈಕಾಲಜಿಸ್ಟರಾದರೆ 1992ರ ಕಾಯಿದೆಯ ಪ್ರಕಾರ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇರಬೇಕು. ಸಂಖ್ಯೆಯನ್ನು ಕೇಳುವುದು ಅವಮರ್ಯಾದೆಯಲ್ಲ. ಸಮಾಜಕಾರ್ಯ ಅಥವಾ ಮನಶ್ಶಾಸ್ತ್ರದ ಸ್ನಾತಕೋತ್ತರ ಪದವಿಯ ಜೊತೆಗೆ ಮಕ್ಕಳ, ಕುಟುಂಬಗಳ ಚಿಕಿತ್ಸೆಯಲ್ಲಿ ಅನುಭವವಿದೆಯೇ, ತಮ್ಮ ಕೆಲಸವನ್ನು ಹಿರಿಯರೊಬ್ಬರ ಮುಂದೆ ಪರಿಶೀಲನೆಗೆ ಒಡ್ಡುತ್ತಾರೆಯೇ ಎಂದೂ ಕೇಳಬಹುದು. ಮನೆಯಲ್ಲಿ ಕೊಂಕಣಿ ಆಡುವ ಮಗುವಿನ ದುಃಖ ಕೊಂಕಣಿಯಲ್ಲೇ ಹೊರಬರುತ್ತದೆ. ಇಂಗ್ಲಿಷ್ ಮಾತ್ರ ಬಲ್ಲ ತಜ್ಞರಿಗಿಂತ ಅದರ ನುಡಿ ಬಲ್ಲ ಸಾಮಾನ್ಯರು ಮೇಲೆಂಬುದು ನಮ್ಮ ಅಭಿಪ್ರಾಯ. ಮೂರು ನಾಲ್ಕು ಭೇಟಿಗಳ ಮೇಲೂ ಮಗು ಆ ಕೋಣೆಗೆ ಹೋಗಲು ಅಂಜುತ್ತಿದ್ದರೆ ಅದನ್ನು ಅವರಿಗೇ ತಿಳಿಸಿ. ಅವರಿಗೆ ನೋವಾದೀತೆಂದು ಹಿಂಜರಿಯಬೇಡಿ; ಒಳ್ಳೆಯ ಸಲಹೆಗಾರರು ತಾವೇ ಬೇರೊಬ್ಬರ ಹೆಸರು ಸೂಚಿಸುತ್ತಾರೆ.

ಧರ್ಮಕೇಂದ್ರದ ಗುರುಗಳಲ್ಲಿಗೇ ಹೋದರಾಗದೇ ಎಂದು ಕೇಳುವವರಿದ್ದಾರೆ. ತರಬೇತಿ ಪಡೆದ ಗುರುಗಳೂ ಧರ್ಮಭಗಿನಿಯರೂ ಈ ಕ್ಷೇತ್ರದಲ್ಲಿದ್ದಾರೆ. ಆದರೆ ಯೋಗ್ಯತೆ ತರಬೇತಿಯದು, ನಿಲುವಂಗಿಯದಲ್ಲ. ನಮ್ಮ ಪಾಪನಿವೇದನೆ ಕೇಳುವವರೇ ನಮ್ಮ ಸಲಹೆಗಾರರೂ ಆಗುವುದು ಉಚಿತವಲ್ಲ. ಪಾಪನಿವೇದನೆಯ ಗೋಪ್ಯಕ್ಕೆ ಯಾವ ವಿನಾಯಿತಿಯೂ ಇಲ್ಲ. ಸಲಹೆಗಾರರ ಗೋಪ್ಯಕ್ಕಾದರೆ ಮಿತಿಯುಂಟು. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆಯೆಂದು ತಿಳಿದರೆ 2012ರ ಪೋಕ್ಸೋ ಕಾಯಿದೆಯಂತೆ ಅವರು ಪೊಲೀಸರಿಗೆ ತಿಳಿಸಲೇಬೇಕು. ಇದನ್ನು ಮೊದಲ ದಿನವೇ ವಿವರಿಸುವವರು ವಿಶ್ವಾಸಕ್ಕೆ ಅರ್ಹರು. ಪ್ರತಿ ಭಾನುವಾರ ಬಲಿಪೂಜೆಯಲ್ಲಿ ಎದುರು ಸಿಗುವ ನೆರೆಯವರಿಗಿಂತ, ಊರಾಚೆಯ ಅಪರಿಚಿತರ ಬಳಿ ಮನ ಬಿಚ್ಚುವುದು ಹಲವರಿಗೆ ಸುಲಭ.

ಯಾರನ್ನು ಕಾಣಬೇಕೆಂದು ತೋಚದವರು ಸರಕಾರದ ಟೆಲಿ ಮಾನಸ್ ಸೇವೆಗೆ 14416ರಲ್ಲಿ ಕರೆ ಮಾಡಬಹುದು. 2022ರಲ್ಲಿ ಆರಂಭವಾದ ಈ ಸೇವೆ ಉಚಿತ, ಕನ್ನಡದಲ್ಲೂ ದೊರೆಯುತ್ತದೆ. ವೈದ್ಯಕೀಯ ಕಾಲೇಜುಗಳ ಮನೋವೈದ್ಯ ವಿಭಾಗಗಳಲ್ಲೂ ವಿಚಾರಿಸಬಹುದು. ಒಂದು ತಿಂಗಳ ರಜೆಯಲ್ಲಿ ಊರಿಗೆ ಬರುವವರು ಕೊನೆಯ ವಾರದವರೆಗೆ ಕಾಯದೆ, ವಿಮಾನದ ಟಿಕೆಟು ತೆಗೆಯುವಾಗಲೇ ಮೊದಲ ಭೇಟಿಯ ದಿನವನ್ನೂ ಗೊತ್ತುಮಾಡಿಕೊಳ್ಳಲಿ. ರಜೆ ಮುಗಿದ ಮೇಲೆ ಫೋನಿನ ಮೂಲಕ ಮುಂದುವರಿಸಲು ಸಾಧ್ಯವೇ ಎಂದೂ ಕೇಳಿಕೊಳ್ಳಲಿ. ಮೊದಲ ಭೇಟಿಗೆ ಅಜ್ಜಿಯನ್ನೂ ಕರೆದೊಯ್ಯಿರಿ. ಮಗುವಿನ ನಿದ್ದೆ, ಊಟ, ಹೆದರಿಕೆಗಳ ವಿಷಯ ಬಲ್ಲವರು ಅವರೊಬ್ಬರೇ.