ಆ ಡಬ್ಬಿ ಮೊದಲು ತೆಗೆಯಿರಿ

ಸುಲೇಪೇಟದ ಬಂಧುಗಳೇ, ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಕಡೆಯ ಅಣ್ಣತಮ್ಮಂದಿರೇ, ಆ ಡಬ್ಬಿಯನ್ನು ನೀವೂ ನೋಡಿದ್ದೀರಿ. ಮೇಲೆ ‘ಇಮ್ಯೂನಿಟಿ ಬೂಸ್ಟರ್’ ಎಂಬ ದಪ್ಪಕ್ಷರ. ಮಾರುವವರು ಹೊರಗಿನವರಲ್ಲ, ನಮ್ಮ ಬೀಗರು, ನಮ್ಮ ಓಣಿಯವರು.

ನನ್ನ ಅಕ್ಕ ತನ್ನ ಒಂದು ಕಿಡ್ನಿಯನ್ನು ಮಗನಿಗೆ ಕೊಟ್ಟಳು. ಬೆಂಗಳೂರಿನಲ್ಲಿ ಆಪರೇಷನ್ ಆಗಿ ಊರಿಗೆ ಬಂದ ಹುಡುಗನನ್ನು ಮಾತಾಡಿಸಲು ಬಂದವರೊಬ್ಬರು ಆ ಪುಡಿಯ ಡಬ್ಬಿ ತಂದರು. “ಕುಡಿ ತಮ್ಮಾ, ರೋಗ ತಡೆಯೋ ಶಕ್ತಿ ಏರ್ತದ” ಅಂದರು. ದುಡ್ಡನ್ನೂ ಎಣಿಸಿಕೊಂಡರು. ಎರಡು ವಾರ ಕುಡಿದ. ತಪಾಸಣೆಯಲ್ಲಿ ಕ್ರಿಯಾಟಿನಿನ್, ಅಂದರೆ ಕಿಡ್ನಿ ಸೋತಾಗ ರಕ್ತದಲ್ಲಿ ಹೆಚ್ಚುವ ಅಂಶ, ಏರಿತ್ತು. “ಬೇರೆ ಏನಾದ್ರೂ ತಗೊಂಡ್ರಾ?” ಎಂಬುದೇ ಡಾಕ್ಟರರ ಮೊದಲ ಪ್ರಶ್ನೆ. ಏರಿದ್ದು ಪುಡಿಯಿಂದಲೇ ಎಂದು ಅವರು ಹೇಳಲಿಲ್ಲ, ಇವತ್ತೇ ನಿಲ್ಲಿಸಿ ಎಂದರು. ಅಕ್ಕನ ಮುಖ ನೋಡಲು ನನ್ನಿಂದಾಗಲಿಲ್ಲ.

ಕಸಿ ಮಾಡಿದ ಕಿಡ್ನಿ ಹೆತ್ತತಾಯಿಯದಾದರೂ ದೇಹಕ್ಕೆ ಅದು ಪರರದೇ, ದೇಹ ಅದರ ಮೇಲೆ ಬೀಳುತ್ತದೆ. ಅದನ್ನು ತಡೆಯಲೆಂದೇ ಟ್ಯಾಕ್ರೋಲಿಮಸ್, ಮೈಕೋಫಿನೊಲೇಟ್ ಗುಳಿಗೆಗಳು, ಕಿಡ್ನಿ ನಡೆಯುವಷ್ಟು ಕಾಲವೂ. ರೋಗನಿರೋಧಕ ಶಕ್ತಿಯನ್ನು ತಗ್ಗಿಸಿಕೊಂಡೇ ಬದುಕಿರುವ ಹುಡುಗನಿಗೆ ಅದನ್ನೇ ಏರಿಸುತ್ತದೆನ್ನುವ ಪುಡಿಯೇ? ಕಸಿಯಾಗಿದೆ ಎಂದು ಗೊತ್ತಿದ್ದೂ, ಕಮಿಷನ್ನಿಗಾಗಿ? ಇದನ್ನು ನಾನು ಕ್ಷಮಿಸಲಾರೆ.

ಗಿಡಮೂಲಿಕೆ, ಏನೂ ಆಗದು ಎನ್ನುತ್ತೀರಿ. ಅಮೃತಬಳ್ಳಿ ಸೇವಿಸಿ ಲಿವರ್ ಕೆಟ್ಟವರ ಪ್ರಕರಣಗಳನ್ನು ಮುಂಬೈ ವೈದ್ಯರು 2021ರಲ್ಲೇ ಪ್ರಕಟಿಸಿದ್ದಾರೆ. ನೋನಿ ರಸದಲ್ಲಿ ಪೊಟ್ಯಾಸಿಯಂ ಹೆಚ್ಚು. ಟ್ಯಾಕ್ರೋಲಿಮಸ್ ತಾನೇ ರಕ್ತದಲ್ಲಿ ಅದನ್ನು ಏರಿಸುವ ಗುಳಿಗೆ. ಪೊಟ್ಯಾಸಿಯಂ ಮಿತಿ ಮೀರಿದರೆ ಹೃದಯವೇ ನಿಂತೀತು. ‘ಔಷಧವಾಗಿ ಬಳಸಲು ಅಲ್ಲ’ ಎಂದು ಇಂಥ ಡಬ್ಬಿಯ ಮೇಲೆ ಅಚ್ಚು ಹಾಕಲೇಬೇಕೆಂದು ಆಹಾರ ಸುರಕ್ಷತಾ ನಿಯಮ ಹೇಳುತ್ತದೆ. ನಮ್ಮ ಅಕ್ಕನಿಗೆ ಆ ಇಂಗ್ಲಿಷ್ ಸಾಲನ್ನು ಯಾರೂ ಓದಿ ಹೇಳಲಿಲ್ಲ. ಓದು ಬಂದವರು ಅಲ್ಲೇ ಕೂತಿದ್ದೆವು. ನೆಂಟಸ್ತಿಕೆ ಕೆಡುತ್ತದೆಂದು ಬಾಯಿ ಮುಚ್ಚಿಕೊಂಡೆವು. ನೀವೂ ಮುಚ್ಚಿಕೊಂಡಿದ್ದೀರಿ, ಇಲ್ಲವೆನ್ನಬೇಡಿ.

ವೈದ್ಯರು ಬರೆದುಕೊಟ್ಟ ಕ್ಯಾಲ್ಸಿಯಂ, ವಿಟಮಿನ್ ಡಿ ಬೇರೆ ಮಾತು. ಗಾಯ ಮಾಯಲು ಪ್ರೋಟೀನ್ ಬೇಕು, ನಿಜ. ಅದಕ್ಕೆ ನಮ್ಮ ಹೊಲದ ತೊಗರಿ ಬೇಳೆ ಇದೆ, ಚೆನ್ನಾಗಿ ಬೇಯಿಸಿದ ತತ್ತಿ ಇದೆ. ಎಷ್ಟು ತಿನ್ನಬೇಕೆಂದು ಆಸ್ಪತ್ರೆಯವರನ್ನು ಕೇಳಿ. ಬೇರೆ ಏನೇ ಇರಲಿ, ಕಸಿ ಮಾಡಿದ ಡಾಕ್ಟರಿಗೆ ತೋರಿಸದೆ ಬಾಯಿಗೆ ಹಾಕಬೇಡಿ.

ಕೈಮುಗಿಯುತ್ತೇನೆ. ನಿಮ್ಮ ಓಣಿಯಲ್ಲಿ ಕಸಿಯಾದವರಿದ್ದರೆ ಇವತ್ತು ಸಂಜೆಯೇ ಹೋಗಿ. ಹಾಸಿಗೆಯ ಪಕ್ಕ ಡಬ್ಬಿ ಇದ್ದರೆ ಎತ್ತಿಕೊಂಡು, ಮಾರಿದವರ ಬಾಗಿಲಿಗೇ ಒಯ್ದು ಇಟ್ಟು ಬನ್ನಿ. ನೆಂಟಸ್ತಿಕೆ ಹೋದರೆ ಹೋಗಲಿ. ನನ್ನ ಅಕ್ಕನ ಬಳಿ ಕೊಡಲು ಇನ್ನೊಂದು ಕಿಡ್ನಿ ಇಲ್ಲ.